ಟೇಕ್ ಅಂದರೆ ತೆಗೆದುಕೊಂಡು ಹೋಗು

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮೂರಿನ ಹೈಸ್ಕೂಲಿಗೆ ಚಳ್ಳಕೆರೆಯಿಂದ ಇಂಗ್ಲಿಷ್ ಮೇಷ್ಟ್ರೊಬ್ಬರು ವರ್ಗವಾಗಿ ಬಂದರು. ತೊಂಬತ್ತರ ದಶಕದ ನಡುವಿನ ಮಾತು. ನಮ್ಮೂರಿನಿಂದ ಮೊಳಕಾಲ್ಮೂರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಐದನೇ ಕ್ಲಾಸಿನಿಂದ ಇಂಗ್ಲಿಷ್ ಓದುತ್ತಿದ್ದೆವು ಅನ್ನುವುದು ಹೆಸರಿಗಷ್ಟೆ. ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಲು ಬರುತ್ತಿತ್ತು, ಓದಿದ್ದೇನು ಅನ್ನುವುದು ತಿಳಿಯುತ್ತಿರಲಿಲ್ಲ. ಮೇಷ್ಟ್ರು ಮೊದಲ ದಿನವೇ ಇದನ್ನು ಕಂಡುಕೊಂಡರು. ಪಾಠದ ಪುಸ್ತಕ ಪಕ್ಕಕ್ಕಿಟ್ಟು, ದಿನಕ್ಕೊಂದು ಕ್ರಿಯಾಪದ ಹೇಳಿಕೊಡಲು ಶುರು ಮಾಡಿದರು.

ಅವರು ಹೊಡೆಯುತ್ತಿರಲಿಲ್ಲ. ಆದರೂ ಅವರೆಂದರೆ ನನಗೆ ವಿಪರೀತ ಹೆದರಿಕೆ. ಪ್ರಶ್ನೆ ಕೇಳಿ, ಸೀಮೆಸುಣ್ಣದ ತುದಿಯನ್ನು ಒಬ್ಬರ ಕಡೆ ತೋರಿಸಿ ಸುಮ್ಮನೆ ನಿಂತುಬಿಡುತ್ತಿದ್ದರು. ಉತ್ತರ ಬರುವ ತನಕ ಬೈಯುತ್ತಲೂ ಇರಲಿಲ್ಲ, ಕೈ ಇಳಿಸುತ್ತಲೂ ಇರಲಿಲ್ಲ. ಆ ಸೀಮೆಸುಣ್ಣ ನನ್ನ ಕಡೆ ತಿರುಗಿದರೆ ಗೊತ್ತಿದ್ದ ನನ್ನ ಹೆಸರೂ ಮರೆತುಹೋಗುತ್ತಿತ್ತು.

ಟೇಕ್ ಅನ್ನುವ ಪದ ಹೇಳಿಕೊಟ್ಟ ದಿನ ಅವರು ಮೇಜಿನ ಮೇಲಿನ ಡಸ್ಟರ್ ಎತ್ತಿಕೊಂಡು ಸೀದಾ ಬಾಗಿಲು ದಾಟಿ ಹೊರಗೆ ಹೋದರು. ನಾವು ಮುಖಮುಖ ನೋಡಿಕೊಂಡೆವು. ಒಳಗೆ ಬಂದು, ನಾನೇನು ಮಾಡಿದೆ ಎಂದು ಕೇಳಿದರು. ಯಾರೋ ಡಸ್ಟರ್ ತಗಂಡು ಹೋದ್ರಿ ಸಾ ಅಂದರು. ಅದೇ ಟೇಕ್, ಅಂದರು ಮೇಷ್ಟ್ರು. ಟೇಕ್ ಅಂದರೆ ತೆಗೆದುಕೊಂಡು ಹೋಗು. ಟೇಕ್, ಟುಕ್, ಟೇಕನ್. ಅವತ್ತು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದೆವು.

ಅದಾಗಿ ಕೆಲವು ದಿನಕ್ಕೆ ಸ್ಕೂಲಿನವರು ನಮ್ಮನ್ನು ಬ್ರಹ್ಮಗಿರಿಗೆ ನಡೆಸಿಕೊಂಡು ಹೋದರು. ಬಂಡೆಯ ಮೇಲಿನ ಎರಡು ಸಾವಿರ ವರ್ಷದ ಹಳೆಯ ಶಾಸನದ ಅಕ್ಷರ ನೋಡಿ, ಬುತ್ತಿ ಬಿಚ್ಚಿ ಉಂಡು, ಗುಡ್ಡದ ಬುಡದಲ್ಲಿ ಅಡ್ಡಾಡುತ್ತಿದ್ದಾಗ ನನ್ನ ಕಾಲಿಗೆ ಒಂದು ಮಡಕೆ ಚೂರು ಸಿಕ್ಕಿತು. ಒಂದು ಮೈ ಕಪ್ಪು, ಒಂದು ಮೈ ಕೆಂಪು, ಎಣ್ಣೆ ಸವರಿದಂತೆ ನುಣುಪು. ಕುಂಟಾಬಿಲ್ಲೆ ಆಡಲು ಚೆನ್ನಾಗಿರುತ್ತದೆ ಎಂದು ಲಂಗದ ಜೇಬಿಗೆ ಹಾಕಿಕೊಂಡೆ. ಅಲ್ಲಿನ ಕಾವಲುಗಾರ ಅದನ್ನು ನೋಡಿಬಿಟ್ಟ. ಎಲ್ಲರ ಎದುರಿಗೆ ಜೇಬು ಖಾಲಿ ಮಾಡಿಸಿ, ಇಲ್ಲಿಂದ ಒಂದು ಕಲ್ಲು ತಗಂಡು ಹೋದರೂ ಪೊಲೀಸ್ ಕೇಸಾಗುತ್ತದೆ, ಸಣ್ಣೋರು ದೊಡ್ಡೋರು ಅಂತ ನೋಡುವುದಿಲ್ಲ ಅಂದ. ವಾಪಸು ಬರುವಾಗ ದಾರಿಯ ಕಲ್ಲೊಂದನ್ನು ಒದೆಯಲೂ ನನಗೆ ಧೈರ್ಯ ಬರಲಿಲ್ಲ.

ಮಾರನೆಯ ದಿನ ಮೇಷ್ಟ್ರು ಅದನ್ನೇ ಪಾಠ ಮಾಡಿದರು. ಸ್ಟೋನ್ಸ್ ಆರ್ ನಾಟ್ ಟು ಬಿ ಟೇಕನ್ ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಕನ್ನಡದಲ್ಲಿ, ಕಲ್ಲುಗಳನ್ನು ತೆಗೆದುಕೊಂಡು ಹೋಗತಕ್ಕದ್ದಲ್ಲ ಎಂದು ಬರೆದರು. ನನ್ನನ್ನು ಎಬ್ಬಿಸಿ ನಿಲ್ಲಿಸಿ ಮತ್ತೆ ಮತ್ತೆ ಓದಿಸಿದರು. ಅವಮಾನ ಮಾಡಬೇಕೆಂದಲ್ಲ, ಮರೆಯಬಾರದು ಎಂದು. ಮರೆಯಲೂ ಇಲ್ಲ.

ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ರಾಯದುರ್ಗದ ಕಡೆಯವಳು. ಮದುವೆಯಾಗಿ ಬಂದು ಐವತ್ತು ವರ್ಷವಾಗಿದ್ದರೂ ಸಿಟ್ಟು ಬಂದಾಗ, ಖುಷಿಯಾದಾಗ ತೆಲುಗಿಗೆ ಹೊರಳುತ್ತಿದ್ದಳು. ಕಣ್ಣಿಗೆ ಪೊರೆ ಬಂದು ಎಲ್ಲವೂ ಮಂಜುಮಂಜು. ಕಾಳು ಕೇರುವುದು, ಸೊಪ್ಪು ಸೋಸುವುದು ಎಲ್ಲ ಬೆರಳಿನ ಅಂದಾಜಿನಲ್ಲೇ. ನಶ್ಯ ಏರಿಸಿ ಏರಿಸಿ ಮೂಗೂ ಕೆಟ್ಟಿತ್ತು. ಹಾಲು ಉಕ್ಕಿ ಒಲೆಗೆ ಬಿದ್ದು ಸೀದರೂ ಅವಳಿಗೆ ವಾಸನೆ ತಿಳಿಯುತ್ತಿರಲಿಲ್ಲ. ಆ ವರ್ಷ ಅವಳಿಗೆ ಹೊಟ್ಟೆಯುರಿ ಹೆಚ್ಚಾಗಿತ್ತು. ಮಂಡಿ ನೋವಂತೂ ಹಳೆಯದು.

ಒಂದು ದಿನ ಅಪ್ಪ, ಅವ್ವ ಇಬ್ಬರೂ ನೆಂಟರ ಮನೆಯ ಮದುವೆಗೆ ಚಳ್ಳಕೆರೆಗೆ ಹೋಗಿದ್ದರು. ಸಂಜೆ ಬಸ್ಸಿಗೆ ಬರುವವರು. ನನಗೆ ಸ್ಕೂಲು ಬಿಡಿಸಿ, ಅಜ್ಜಿಯನ್ನು ಮೊಳಕಾಲ್ಮೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಅಂದಿದ್ದರು. ಡಾಕ್ಟರು ಮನೆಯ ಮುಂದಿನ ಎರಡು ಕೋಣೆಯಲ್ಲಿ ದವಾಖಾನೆ ನಡೆಸುತ್ತಿದ್ದ ವಯಸ್ಸಾದ ಮನುಷ್ಯ. ಅಲ್ಲಿ ಔಷಧಿ ಕಲಸಿ ಕೊಡುವ ಕಾಂಪೌಂಡರ್ ಒಬ್ಬನಿದ್ದ. ಬಾಟಲಿ ನಾವೇ ಒಯ್ಯಬೇಕು. ಅಜ್ಜಿ ಹಳೆಯ ಟಾನಿಕ್ಕಿನ ಎರಡು ಕಂದು ಬಾಟಲಿ ತೊಳೆದು ಚೀಲದಲ್ಲಿ ಇಟ್ಟುಕೊಂಡಿದ್ದಳು. ಎರಡೂ ಒಂದೇ ಅಳತೆ, ಒಂದೇ ರೂಪ.

ಡಾಕ್ಟರು ಹೊಟ್ಟೆ ಒತ್ತಿ ನೋಡಿ ಚೀಟಿ ಬರೆದರು. ಅಜ್ಜಿ ಔಷಧಿ ತೆಗೆದುಕೊಳ್ಳಲು ಕಾಂಪೌಂಡರನ ಕಿಟಕಿಗೆ ಹೋದಳು. ಬಸ್ಸು ಬಂದರೆ ಕೂಗು ಎಂದು ನನ್ನನ್ನು ಹೊರಗೆ ರಸ್ತೆ ಬದಿಗೆ ಕಳಿಸಿದಳು. ಹಾಗಾಗಿ ಅವರಿಬ್ಬರ ನಡುವೆ ಏನು ಮಾತಾಯಿತು ಅನ್ನುವುದು ನನಗೆ ಕೇಳಿಸಲಿಲ್ಲ. ಅವಳು ಬಹಳ ಹೊತ್ತಿನ ಮೇಲೆ ಹೊರಗೆ ಬಂದಳು, ಮುಖದಲ್ಲಿ ಗೆದ್ದ ಕಳೆ. ಬಸ್ಸು ಹತ್ತಿ ಕೂತ ಮೇಲೆ ಹೇಳಿದಳು. ಕಾಂಪೌಂಡರ್ ಅವಳ ತವರಿನ ಪಕ್ಕದ ಊರಿನವನಂತೆ. ತೆಲುಗಿನಲ್ಲಿ ಮಾತಾಡಿಸಿದಳಂತೆ. ಡಾಕ್ಟರು ಬರೆದಿದ್ದು ಹೊಟ್ಟೆಗೆ ಮಾತ್ರ, ಆದರೆ ಅವನು ಒಳಗಿನ ಬೀರುವಿನಿಂದ ಕಾಲಿಗೂ ಒಂದು ಬಾಟಲಿ ತುಂಬಿ ಕೊಟ್ಟನಂತೆ.

“ಡಾಕ್ಟ್ರಿಗೆ ಗೊತ್ತಾಗಬಾರ್ದು ಅಂದಾನೆ. ನೀನೂ ಎಲ್ಲೂ ಬಾಯಿ ಬಿಡಬ್ಯಾಡ,” ಅಂದಳು.

ಚೀಲ ನನ್ನ ತೊಡೆಯ ಮೇಲಿತ್ತು. ಒಳಗೆ ನೋಡಿದೆ. ಎರಡು ಬಾಟಲಿಯಲ್ಲೂ ಮಜ್ಜಿಗೆಯಂಥ ಬಿಳಿ ಔಷಧಿ. ಒಂದಕ್ಕೆ ಏನೂ ಇರಲಿಲ್ಲ. ಇನ್ನೊಂದಕ್ಕೆ ಬೆರಳಗಲದ ಒಂದು ಚೀಟಿ ಅಂಟಿಸಿತ್ತು. ಕೆಂಪು ಅಚ್ಚಿನ ಇಂಗ್ಲಿಷ್ ಅಕ್ಷರ. ಮೇಷ್ಟ್ರು ಬಂದ ಮೇಲೆ ಇಂಗ್ಲಿಷ್ ಅಕ್ಷರ ಎಲ್ಲಿ ಕಂಡರೂ ಕೂಡಿಸಿ ಓದುವುದು ನನಗೆ ಚಟವಾಗಿತ್ತು. ಓದಿದೆ. ನಾಟ್ ಟು ಬಿ ಟೇಕನ್.

ಪಠ್ಯಪುಸ್ತಕದ ಹೊರಗೆ ನನಗೆ ಪೂರ್ತಿ ಅರ್ಥವಾದ ಮೊದಲ ಇಂಗ್ಲಿಷ್ ವಾಕ್ಯ ಅದು. ಅರ್ಥವಾಯಿತು ಅನ್ನುವ ಹಿಗ್ಗು ಒಂದು ಗಳಿಗೆಯೂ ಉಳಿಯಲಿಲ್ಲ. ತೆಗೆದುಕೊಂಡು ಹೋಗತಕ್ಕದ್ದಲ್ಲ. ಅಂದರೆ ಇದು ದವಾಖಾನೆ ಬಿಟ್ಟು ಹೊರಗೆ ಒಯ್ಯಬಾರದ ಔಷಧಿ. ಕಾಂಪೌಂಡರ್ ಡಾಕ್ಟರಿಗೆ ತಿಳಿಯದಂತೆ ಕೊಟ್ಟಿದ್ದಾನೆ, ಅಜ್ಜಿ ತಿಳಿಯದೆ ತಂದಿದ್ದಾಳೆ. ನಾವು ಕಳ್ಳತನ ಮಾಡಿದ್ದೇವೆ, ಅದೂ ಬೇಡ ಎಂದು ಬರೆದಿರುವುದನ್ನೇ.

ಕಂಡಕ್ಟರ್ ಟಿಕೆಟ್ ಹರಿಯುತ್ತ ಬಂದು ಚೀಲದ ಕಡೆ ನೋಡಿದಂತಾಯಿತು. ಚೀಲದ ಬಾಯಿ ಮುಚ್ಚಿ ಅದರ ಮೇಲೆ ಬಗ್ಗಿ ಕೂತೆ. ಹಿಂದೆ ಒಂದು ಜೀಪಿನ ಹಾರ್ನ್ ಕೇಳಿದರೆ ಪೊಲೀಸರೇ ಬಂದರು ಅನ್ನಿಸಿತು. ಅಜ್ಜಿಗೆ ಹೇಳಲೇ ಬೇಡವೇ ಎಂದು ದಾರಿಯುದ್ದಕ್ಕೂ ಒದ್ದಾಡಿದೆ. ಹೇಳಿದರೆ ಅವಳೂ ಹೆದರುತ್ತಾಳೆ, ಅಪ್ಪನಿಗೆ ಹೇಳುತ್ತಾಳೆ. ಅಪ್ಪ ಬಾಟಲಿ ಸಮೇತ ನಮ್ಮನ್ನು ಡಾಕ್ಟರ ಮುಂದೆ ನಿಲ್ಲಿಸುತ್ತಾನೆ. ಬ್ರಹ್ಮಗಿರಿಯಲ್ಲಿ ಆಗಿದ್ದು ಮತ್ತೆ ಆಗುತ್ತದೆ.

ಊರಿಗೆ ಬರುವಷ್ಟರಲ್ಲಿ ನನಗೊಂದು ಉಪಾಯ ಹೊಳೆದಿತ್ತು. ಅಜ್ಜಿ ಪಡಸಾಲೆಯಲ್ಲಿ ಕಾಲು ಚಾಚಿ ಮಲಗಿದಾಗ ಬಾಟಲಿಯನ್ನು ಬಚ್ಚಲಿಗೆ ಒಯ್ದು ನೀರಲ್ಲಿ ಅದ್ದಿ, ಚೀಟಿಯನ್ನು ಉಗುರಿನಿಂದ ಕೆರೆದು ಕೆರೆದು ಕಿತ್ತೆ. ಅಂಟು ಇನ್ನೂ ಹಸಿಯಿತ್ತು, ಸುಲಭವಾಗಿ ಬಂತು. ಚೂರುಗಳನ್ನು ನೀರೊಲೆಗೆ ಹಾಕಿ ಉರಿದು ಹೋಗುವ ತನಕ ನೋಡುತ್ತ ಕೂತೆ. ಬಾಟಲಿ ಒರೆಸಿ ಗೋಡೆಯ ಗೂಡಿನಲ್ಲಿ ಇನ್ನೊಂದರ ಪಕ್ಕ ಇಟ್ಟೆ. ಇನ್ನು ಯಾರು ಬಂದು ನೋಡಿದರೂ ಅದು ನಮ್ಮನೆಯ ಬಾಟಲಿ. ಆ ಒಂದು ಗಂಟೆ ನನ್ನಷ್ಟು ನಿರಾಳವಾಗಿ ಯಾರೂ ಇರಲಿಲ್ಲ.

ಅಜ್ಜಿ ಎದ್ದು ಮುದ್ದೆ ಉಂಡಳು. ನಾನು ಎಮ್ಮೆಗೆ ನೀರು ಕುಡಿಸಲು ಹಿತ್ತಲಿಗೆ ಹೋದೆ. ಬಕೀಟು ಖಾಲಿಯಾಗುವ ಮುಂಚೆಯೇ ಒಳಗೆ ಕೆಮ್ಮು ಕೇಳಿಸಿತು. ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಕೆಮ್ಮು, ನಿಲ್ಲಲೇ ಇಲ್ಲ. ಓಡಿ ಬಂದೆ. ಅಜ್ಜಿ ಗೂಡಿನ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈ ಎದೆಯ ಮೇಲೆ. ಕಣ್ಣಿಂದ ಮೂಗಿಂದ ನೀರು ಸುರಿಯುತ್ತಿತ್ತು. ಮನೆ ತುಂಬ ಕರ್ಪೂರದ ವಾಸನೆ, ಅದರ ಜೊತೆಗೆ ಬಾಗಿಲಿಗೆ ಹೊಸದಾಗಿ ಬಣ್ಣ ಬಳಿದಾಗ ಬರುವಂಥ ಘಾಟು.

“ಬಾಳ ಖಾರ ಐತೆ ಕಣೇ ಈ ಹೊಟ್ಟೆ ಔಷಧಿ,” ಅಂದಳು, ಕೆಮ್ಮಿನ ನಡುವೆ.

ಬಾಟಲಿ ಎತ್ತಿ ಮೂಸಿದೆ. ತಲೆ ತಿರುಗಿತು. ಇದು ಯಾವುದು, ಹೊಟ್ಟೆಯದು ಹೌದಾ ಎಂದು ಕೇಳಿದೆ. ಅವಳು ಸುಧಾರಿಸಿಕೊಂಡು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

“ಚೀಟಿ ಅಂಟಿಸಿದ್ದು ಕಾಲಿಗೆ ಹಚ್ಚು, ಚೀಟಿ ಇಲ್ದಿದ್ದು ಎರಡು ಚಮಚ ಕುಡಿ ಅಂದಿದ್ದ. ಮುಟ್ಟಿ ನೋಡೇ ತಗಂಡೀನಿ. ಚೀಟಿ ಇರ್ಲಿಲ್ಲ.”

ಬಚ್ಚಲ ಒಲೆಯಲ್ಲಿ ಉರಿದದ್ದು ಏನು ಅನ್ನುವುದು ಆಗ ತಿಳಿಯಿತು. ಪಕ್ಕದ ಮನೆಯಲ್ಲಿ ಮಗ್ಗದ ಸದ್ದು ಕೇಳುತ್ತಿತ್ತು. ಅಲ್ಲಿನ ಅಕ್ಕನನ್ನು ಕೈ ಹಿಡಿದು ಎಳೆದುಕೊಂಡು ಬಂದೆ. ಅವಳು ಅಜ್ಜಿಯ ಬೆನ್ನು ಸವರುತ್ತ, ಉಪ್ಪುನೀರು ಕುಡಿಸಿ ಕಕ್ಕಿಸೋಣ ಅಂದಳು. ನನಗೆ ಯಾವುದು ಸರಿ ಎಂದು ತಿಳಿಯಲಿಲ್ಲ. ತಿಳಿದಿರಬಹುದಾದ ಒಬ್ಬರೇ ಒಬ್ಬರು ಇದ್ದರು. ನಾನು ಬರುವ ತನಕ ಏನೂ ಕುಡಿಸಬೇಡ ಅಂದು ಸ್ಕೂಲಿಗೆ ಓಡಿದೆ.

ಮೇಷ್ಟ್ರು ಒಂಬತ್ತನೇ ಕ್ಲಾಸಿನಲ್ಲಿದ್ದರು. ನಾನು ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದೆ. ಅವರು ತಿರುಗಿ ನೋಡಿದರು, ಕೈಯಲ್ಲಿ ಸೀಮೆಸುಣ್ಣ. ಅಜ್ಜಿ ಕಾಲಿನ ಔಷಧಿ ಕುಡಿದಳು, ಚೀಟಿ ನಾನು ಸುಟ್ಟೆ, ಎಂದೇನೋ ತೊದಲಿದೆ. ಹೊರಗೆ ಬಂದು ನನ್ನ ಮುಂದೆ ಬಗ್ಗಿ ಕೇಳಿದರು.

“ಚೀಟಿ ಮ್ಯಾಲೆ ಏನು ಬರ್ದಿತ್ತು?”

“ನಾಟ್ ಟು ಬಿ ಟೇಕನ್, ಸಾ.”

“ಯಾಕೆ ಕಿತ್ತೆ?”

“ತಗಂಡು ಹೋಗಬಾರ್ದು ಅಂತ ಇತ್ತಲ್ಲ ಸಾ. ಕಳ್ಳತನ ಆಗ್ತೈತೆ ಅಂತ.”

ಅವರು ಕೈಯಲ್ಲಿದ್ದ ಸೀಮೆಸುಣ್ಣವನ್ನು ಕಿಟಕಿಯಲ್ಲಿಟ್ಟರು. ಆಮೇಲೆ ಮೆಲ್ಲಗೆ, “ಅಲ್ಲ ಕಣಮ್ಮ. ಕುಡೀಬಾರ್ದು ಅಂತ,” ಅಂದರು.

ಆಮೇಲಿನದೆಲ್ಲ ನನಗೆ ತುಂಡುತುಂಡಾಗಿ ನೆನಪಿದೆ. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ನನಗಿಂತ ಮುಂದೆ ಓಡಿದರು. ಉಪ್ಪುನೀರಿನ ಲೋಟ ನೋಡಿ, ಡಾಕ್ಟ್ರನ್ನು ಕೇಳದೆ ಏನೂ ಬೇಡ ಅಂದರು. ರಸ್ತೆಯ ನಟ್ಟನಡುವೆ ನಿಂತು ಒಂದು ಟೆಂಪೋ ನಿಲ್ಲಿಸಿದರು. ಶೇಂಗಾ ಚೀಲಗಳ ನಡುವೆ ಅಜ್ಜಿಯನ್ನು ಒರಗಿಸಿ ಕೂರಿಸಿದೆವು. ಬಾಟಲಿ ನನ್ನ ಕೈಯಲ್ಲಿತ್ತು. ಅಜ್ಜಿ ಕೆಮ್ಮುವುದನ್ನು ನಿಲ್ಲಿಸಿದಾಗ ನನಗೆ ಹೆಚ್ಚು ಹೆದರಿಕೆಯಾಯಿತು. ಅವಳ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಮೇಷ್ಟ್ರು ಕೆನ್ನೆ ತಟ್ಟಿ, ಎಚ್ಚರ ಇರ್ರಿ ಅಜ್ಜಿ, ನಿಮ್ಮ ತವರೂರು ಯಾವುದು ಹೇಳ್ರಿ, ಎಂದು ಮಾತಾಡಿಸುತ್ತಲೇ ಇದ್ದರು. ಅವಳು ತೆಲುಗಿನಲ್ಲಿ ಏನೋ ಗೊಣಗಿದಳು. ಅಜ್ಜಿ ಸತ್ತರೆ ಕೊಂದವಳು ನಾನೇ ಅನ್ನುವುದು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಅಪ್ಪನಿಗೆ ಹೇಗೆ ಹೇಳುವುದು ಎಂದು ವಾಕ್ಯ ಜೋಡಿಸುತ್ತಿದ್ದೆ, ಒಂದೂ ಮುಗಿಯುತ್ತಿರಲಿಲ್ಲ.

ಡಾಕ್ಟರು ಊಟ ಮಾಡಿ ಮಲಗಿದ್ದವರು ಬನಿಯನ್ನಿನಲ್ಲೇ ಎದ್ದು ಬಂದರು. ಬಾಟಲಿ ಮೂಸಿ ನೋಡಿದ್ದೇ ಅವರ ಮುಖ ಬಿಗಿಯಾಯಿತು. ವಾಂತಿ ಮಾಡಿಸಿದಿರಾ ಎಂದು ಕೇಳಿದರು. ಇಲ್ಲ ಅಂದಾಗ, ಬದುಕಿದಿರಿ, ಇದು ವಾಂತಿಯಾಗಿ ಶ್ವಾಸಕ್ಕೆ ಇಳಿದರೆ ಕಷ್ಟ ಅಂದರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಕಾಂಪೌಂಡರನನ್ನು ಕರೆಸಿದರು.

ಅವನು ಬಾಟಲಿ ನೋಡಿ ಬಿಳಿಚಿಕೊಂಡ. ಇದನ್ನು ನಾನು ಬರೆದಿಲ್ಲವಲ್ಲ, ಯಾರು ಕೊಟ್ಟರು ಎಂದು ಡಾಕ್ಟರು ಕೇಳಿದರು. ಅವನು ತಾನೇ ಕೊಟ್ಟಿದ್ದು ಎಂದು ಒಪ್ಪಿಕೊಂಡ. ಚೀಟಿ ಅಂಟಿಸದೆ ಇಂಥದ್ದನ್ನು ಹೊರಗೆ ಬಿಟ್ಟೆಯಾ, ನಾಳೆಯಿಂದ ಈ ಕಡೆ ಬರಬೇಡ ಅಂದರು ಡಾಕ್ಟರು. ಅಂಟಿಸಿದ್ದೆ ಸಾರ್, ದೇವರಾಣೆ ಅಂಟಿಸಿದ್ದೆ, ಅಜ್ಜಿಗೆ ಬಿಡಿಸಿ ಹೇಳಿಯೂ ಇದ್ದೆ ಅಂದ. ಬೋಳು ಬಾಟಲಿಯನ್ನು ಡಾಕ್ಟರು ಅವನ ಮುಖದ ಮುಂದೆ ಹಿಡಿದರು. ಅವನು ಬಾಟಲಿಯನ್ನೂ ತನ್ನ ಕೈಯನ್ನೂ ನೋಡಿಕೊಂಡ. ತಾನು ಅಂಟಿಸಿದ್ದು ನಿಜವೇ ಎಂದು ಅವನಿಗೇ ಅನುಮಾನ ಬಂದಂತಿತ್ತು.

ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಸುಮ್ಮನಿದ್ದರೆ ಆಗುತ್ತಿತ್ತು. ಅಜ್ಜಿಗೆ ಗೊತ್ತಿಲ್ಲ, ಚೀಟಿ ಬೂದಿಯಾಗಿದೆ. ಗೊತ್ತಿದ್ದವರು ಮೇಷ್ಟ್ರು ಒಬ್ಬರೇ. ಅವರ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು, ಕ್ಲಾಸಿನಲ್ಲಿ ಉತ್ತರಕ್ಕೆ ಕಾಯುವ ಹಾಗೆ. ಕೈಯಲ್ಲಿ ಸೀಮೆಸುಣ್ಣವೊಂದು ಇರಲಿಲ್ಲ, ಅಷ್ಟೆ.

“ನಾನೇ ಕಿತ್ತೆ,” ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು.

ಡಾಕ್ಟರು ಯಾಕೆ ಎಂದು ಕೇಳಿದಾಗ ಅಳು ಬಂದುಬಿಟ್ಟಿತು. ಮೇಷ್ಟ್ರೇ ಎಲ್ಲ ಹೇಳಿದರು. ಡಸ್ಟರ್, ಬ್ರಹ್ಮಗಿರಿ, ಮಡಕೆ ಚೂರು, ಬೋರ್ಡಿನ ಮೇಲೆ ಬರೆದದ್ದು. ಕೊನೆಗೆ, “ತಪ್ಪು ನಂದು ಡಾಕ್ಟ್ರೇ. ಆ ಪದಕ್ಕೆ ಒಂದೇ ಅರ್ಥ ಹೇಳಿ ಕೈ ತೊಳ್ಕೊಂಡಿದ್ದೆ,” ಅಂದರು. ಡಾಕ್ಟರು ನನ್ನನ್ನು ಬೈಯಲಿಲ್ಲ. ಕಾಂಪೌಂಡರನಿಗೆ ಮತ್ತೇನೂ ಹೇಳಲಿಲ್ಲ. ಅವನು ಮಾತ್ರ ಅಲ್ಲೇ ನೆಲದ ಮೇಲೆ ಕೂತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಸಂಜೆಯ ತನಕ ಏನೂ ಹೇಳಲಾಗದು ಅಂದಿದ್ದರು. ಒಳಗಿನ ಮಂಚದ ಮೇಲೆ ಅಜ್ಜಿಯನ್ನು ಒರಗಿಸಿದ್ದರು. ನಾನು ಅವಳ ಕಾಲಬುಡದಲ್ಲಿ ಕೂತು ಅವಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಸ್ವಲ್ಪ ತಡವಾದರೂ ನನ್ನ ಉಸಿರು ನಿಲ್ಲುತ್ತಿತ್ತು. ಮೇಷ್ಟ್ರು ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಊರಿಗೆ ಹೋಗುವ ಬಸ್ಸು ಬಂದು ಹೋಯಿತು, ಅವರು ಏಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಪ್ಪ, ಅವ್ವ ಬಂದರು. ಮದುವೆಯ ಬಟ್ಟೆಯಲ್ಲೇ ಇದ್ದರು. ಮಗ್ಗದ ಮನೆಯ ಅಕ್ಕ ಬಸ್‌ಸ್ಟಾಪಿನಲ್ಲೇ ಕಾದು ಸುದ್ದಿ ಹೇಳಿದ್ದಳು. ಅವ್ವ ನನ್ನನ್ನು ಅಪ್ಪಿಕೊಳ್ಳಲೂ ಇಲ್ಲ, ಹೊಡೆಯಲೂ ಇಲ್ಲ. ಅಪ್ಪ ಮೇಷ್ಟ್ರ ಮಾತು ಪೂರ್ತಿ ಕೇಳಿ ನನ್ನ ಕಡೆ ತಿರುಗಿದ. ಅವನು ಬಾಯಿ ತೆರೆಯುವ ಮುಂಚೆ ಮಂಚದ ಮೇಲಿಂದ ಒಡಕು ದನಿ ಬಂತು. ಅಜ್ಜಿ ಕಣ್ಣು ಬಿಟ್ಟಿದ್ದಳು. ಅಲ್ಲಿಯ ತನಕದ ಮಾತೆಲ್ಲ ಕೇಳಿಸಿಕೊಂಡಿದ್ದಳು ಅಂತ ಕಾಣುತ್ತದೆ.

“ಹುಡುಗೀನ ಯಾಕೆ ನೋಡ್ತೀಯಾ? ಕುಡೀಬ್ಯಾಡ ಅಂತ ನೆಟ್ಟಗೆ ಹೇಳಾಕೆ ಆ ಇಂಗ್ಲೀಸಿನೋರಿಗೆ ಒಂದು ಮಾತು ಇಲ್ವಾ?”

ಡಾಕ್ಟರು ನಕ್ಕರು. ಅಪ್ಪನೂ ನಕ್ಕ. ನನಗೆ ನಗಲು ಆಗಲಿಲ್ಲ.

ಎರಡು ದಿನ ಅಲ್ಲೇ ಇಟ್ಟುಕೊಂಡು ಕಳಿಸಿದರು. ಗಂಟಲು ಬೆಂದಿತ್ತು. ಒಂದು ತಿಂಗಳು ಅಜ್ಜಿ ಗಂಜಿ, ಮಜ್ಜಿಗೆಯಲ್ಲೇ ಕಳೆದಳು. ಕಾಂಪೌಂಡರ್ ಕೆಲಸದಲ್ಲಿ ಉಳಿದ. ಆಮೇಲೆ ಅವನು ಹಚ್ಚುವ ಔಷಧಿ ಕೊಡುವಾಗ ಬಾಟಲಿಯ ಕುತ್ತಿಗೆಗೆ ಕೆಂಪು ದಾರ ಕಟ್ಟಿ, ಕುಡಿಯಬೇಡಿ ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಕೈಯಲ್ಲೇ ಬರೆದು ಅಂಟಿಸುತ್ತಿದ್ದ.

ನಾನು ಸ್ಕೂಲಿಗೆ ಹೋದ ದಿನ ಮೇಷ್ಟ್ರು ಏನೂ ಕೇಳಲಿಲ್ಲ. ಬೋರ್ಡಿನ ಮೇಲೆ ಟೇಕ್ ಎಂದು ಬರೆದು, ಅದರ ಕೆಳಗೆ ಬೋರ್ಡು ತುಂಬುವ ತನಕ ಬರೆದರು. ಔಷಧಿ ಟೇಕ್ ಮಾಡಿದರೆ ಸೇವಿಸುವುದು. ಬಸ್ಸನ್ನು ಟೇಕ್ ಮಾಡಿದರೆ ಹತ್ತಿ ಹೋಗುವುದು. ಸೀಟನ್ನು ಟೇಕ್ ಮಾಡಿ ಅಂದರೆ ಕೂತುಕೊಳ್ಳಿ. ಫೋಟೋ ಟೇಕ್ ಮಾಡಿದರೆ ತೆಗೆಯುವುದು. ವಿಮಾನ ಟೇಕ್ ಆಫ್ ಆದರೆ ನೆಲ ಬಿಟ್ಟು ಏಳುವುದು. ಒಂದು ಕೆಲಸಕ್ಕೆ ಇಷ್ಟು ಹೊತ್ತು ಟೇಕ್ ಆಗುತ್ತದೆ. ಯಾರನ್ನಾದರೂ ಟೇಕ್ ಆಫ್ಟರ್ ಮಾಡಿದರೆ ಅವರನ್ನು ಹೋಲುವುದು. ಬೇರೆಯವರು ಖುಷಿಯಿಂದ ಬರೆದುಕೊಳ್ಳುತ್ತಿದ್ದರು. ನನ್ನ ಪೆನ್ನು ಮೊದಲ ಸಾಲಿನಲ್ಲೇ ನಿಂತಿತ್ತು. ಒಂದು ಪದದ ಹಿಂದೆ ಇಷ್ಟೊಂದು ಅಡಗಿದ್ದರೆ, ಗೊತ್ತಿದೆ ಎಂದು ನಾನು ಅಂದುಕೊಂಡಿರುವ ಬೇರೆ ಪದಗಳ ಗತಿಯೇನು? ಗೋ ಅಂದರೆ ಹೋಗು ಎಂದಷ್ಟೇನಾ?

ಮುಂದೆ ಚಳ್ಳಕೆರೆಯಲ್ಲಿ ಕಾಲೇಜು ಓದುವಾಗ ಜೊತೆಯವರು ಗೊತ್ತಿಲ್ಲದ ಪದಕ್ಕೆ ಡಿಕ್ಷನರಿ ತೆಗೆಯುತ್ತಿದ್ದರು. ನಾನು ಗೊತ್ತಿದ್ದ ಪದಕ್ಕೂ ತೆಗೆಯುತ್ತಿದ್ದೆ. ನಗುತ್ತಿದ್ದರು. ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ.

ಆದರೆ ಎಂಟನೇ ಕ್ಲಾಸಿನ ಆ ವರ್ಷದ ಹೆದರಿಕೆ ಪುಸ್ತಕದ್ದಲ್ಲ, ಮನೆಯದು. ಮಧ್ಯಾಹ್ನ ಅಜ್ಜಿ ಊಟ ಮಾಡಿ ಪಡಸಾಲೆಯಲ್ಲಿ ಅಡ್ಡಾದರೆ ನನಗೆ ಸಮಾಧಾನವಿರುತ್ತಿರಲಿಲ್ಲ. ಮೆಲ್ಲಗೆ ಹೋಗಿ ಅವಳ ಮೂಗಿನ ಹತ್ತಿರ ಕೈ ಹಿಡಿಯುತ್ತಿದ್ದೆ. ಬಿಸಿಯುಸಿರು ಬೆರಳಿಗೆ ತಾಗಿದ ಮೇಲೆ ಎದ್ದು ಹೋಗುತ್ತಿದ್ದೆ. ಅವಳಿಗೆ ತಿಳಿಯುತ್ತಿಲ್ಲ ಅಂದುಕೊಂಡಿದ್ದೆ. ಹೀಗೇ ಎಷ್ಟೋ ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಕಣ್ಣು ತೆರೆಯದೆಯೇ ನನ್ನ ಕೈ ಹಿಡಿದುಕೊಂಡಳು.

“ಐತೆ ಉಸ್ರು. ಹೋಗಿ ಎಮ್ಮೆ ನೆಳ್ಳಿಗೆ ಕಟ್ಟು,” ಅಂದಳು.